ಬೆಳೆ ಕಾವಲಿನ ಬಂದೂಕಿಗೆ ಹಳೇ ತೋಟಾನೋ, ಹೊಸ ತೋಟಾನೋ? ಕೊಳ್ಳೇಗಾಲ, ಹನೂರು, ಯಳಂದೂರು ರೈತರು ತಿಳಿದಿರಬೇಕಾದ್ದು

ಮುಸುಕಿನ ಜೋಳ ಹಾಲುಗಟ್ಟುವಾಗ, ಕಡ್ಲೆಕಾಯಿ ಬಲಿಯುವಾಗ ಕಾಡಂಚಿನ ಊರುಗಳಿಗೆ ರಾತ್ರಿ ನಿದ್ದೆ ಇಲ್ಲ. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ, ಒಡೆಯರಪಾಳ್ಯ, ರಾಮಾಪುರ, ಮಾರ್ಟಳ್ಳಿ, ಹೂಗ್ಯಂ ಕಡೆ ಆಗಲಿ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಬುಡದ ಗುಂಬಳ್ಳಿ, ಯರಗಂಬಳ್ಳಿ ಕಡೆ ಆಗಲಿ, ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಮೂರು ತಿಂಗಳ ದುಡಿಮೆ ಬೆಳಗಾಗುವಷ್ಟರಲ್ಲಿ ಮಣ್ಣುಪಾಲು. ಆಗ ಮನೆಯ ಮೂಲೆಯಲ್ಲಿರುವ ಲೈಸೆನ್ಸ್ ಬಂದೂಕಿನ ಮಾತು ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: ತಾತನ ಕಾಲದಿಂದ ಬಂದ ಮದ್ದು-ಕೇಪೇ ಸಾಕೋ, ಹನ್ನೆರಡು ಬೋರ್ ತೋಟಾಕ್ಕೆ ಹೋಗಬೇಕೋ, ಅಥವಾ ಮೊಬೈಲಿನ ವಿಡಿಯೊಗಳಲ್ಲಿ ಹೊಗಳುವ ಹೊಸ ರೈಫಲ್ ತೋಟಾ ಒಳ್ಳೆಯದೋ?

ಇದಕ್ಕೆ ಉತ್ತರ ತೋಟಾದ ಪೆಟ್ಟಿಗೆಯ ಮೇಲೆ ಇಲ್ಲ. ಮೊದಲ ಉತ್ತರ ಲೈಸೆನ್ಸ್ ಪುಸ್ತಕದಲ್ಲಿದೆ. ಎರಡನೆಯದು ಬಂದೂಕಿನ ನಳಿಕೆಯ ಮೇಲೆ ಕೊರೆದ ಅಂಕಿಗಳಲ್ಲಿದೆ. ಯಾವುದರ ಹೊಡೆತ ಜೋರು ಅನ್ನುವುದು ಕೊನೆಯ ಮಾತು. ಈ ಸಾಲು ತಪ್ಪಿದರೆ ಹಂದಿ ಹೋಗುತ್ತದೋ ಬಿಡುತ್ತದೋ, ರೈತನ ಕೈಬೆರಳು ಹೋಗಬಹುದು, ಇಲ್ಲವೇ ರೈತನೇ ಜೈಲಿಗೆ ಹೋಗಬಹುದು.

ಮೊದಲು ಒಂದು ಮಾತು: ಬೇಟೆ ಇಲ್ಲ

ಈ ಸೀಮೆಗೆ ಬೇಟೆಯ ಹಳೆಯ ಹೆಸರಿದೆ. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯಲ್ಲಿ ಕಾಫಿ ತೋಟ ಮಾಡಿದ್ದ ಆರ್.ಸಿ. ಮಾರಿಸ್ ಬೇಟೆಗಾರನೂ ಹೌದು, ಕಾಡುಪ್ರಾಣಿಗಳ ಬಗ್ಗೆ ಬರೆದವರೂ ಹೌದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಪಾಯಿಂಟ್ 405 ವಿಂಚೆಸ್ಟರ್ ರೈಫಲ್ ಹಿಡಿದು ನರಭಕ್ಷಕಗಳ ಹಿಂದೆ ಅಲೆದವರು. ಆ ಕಾಲದಲ್ಲಿ ಯಾವ ಪ್ರಾಣಿಗೆ ಯಾವ ತೋಟಾ ಅನ್ನುವ ಚರ್ಚೆಗೆ ಅರ್ಥವಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಬಾಗಿಲನ್ನು ಮುಚ್ಚಿತು. ಕಾಯ್ದೆಯ ಕಲಂ 9ರ ಪ್ರಕಾರ ಪಟ್ಟಿಯಲ್ಲಿರುವ ಪ್ರಾಣಿಗಳ ಬೇಟೆ ನಿಷಿದ್ಧ. ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯ ಮಾಡುವುದು, ವಿಷ ಇಡುವುದು, ಉರುಳು ಹಾಕುವುದು, ಬಲೆ ಒಡ್ಡುವುದು, ಇವಕ್ಕೆ ಪ್ರಯತ್ನಿಸುವುದು ಎಲ್ಲವೂ ಸೇರುತ್ತದೆ. ಕಾಡುಹಂದಿಯೂ ಕಾಯ್ದೆಯ ಪಟ್ಟಿಯಲ್ಲಿದೆ. "ನಮ್ಮ ಹೊಲಕ್ಕೆ ಬಂದ ಹಂದಿ, ನಮ್ಮ ಬಂದೂಕು, ಕೇಳೋರ್ಯಾರು" ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

2022ರ ತಿದ್ದುಪಡಿಯ ನಂತರ ಶಿಕ್ಷೆ ಹೆಚ್ಚಿದೆ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆನೆ, ಹುಲಿ, ಚಿರತೆಯಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಅಥವಾ ವನ್ಯಧಾಮದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಜತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ.

ಹಾಗಾದರೆ ಬೆಳೆ ರಕ್ಷಣೆಯ ಬಂದೂಕು ಯಾಕೆ ಅಂತ ಕೇಳುವವರಿದ್ದಾರೆ. ಅದರ ದಿನನಿತ್ಯದ ಕೆಲಸ ಸದ್ದು ಮಾಡಿ ಪ್ರಾಣಿಯನ್ನು ಹೊಲದಿಂದ ಆಚೆ ಕಳಿಸುವುದು. ಬೆಳೆಗೋ ಜೀವಕ್ಕೋ ಅಪಾಯ ತರುವ ಪ್ರಾಣಿಯನ್ನು ಕೊಲ್ಲಲು ಕಾಯ್ದೆಯ ಕಲಂ 11ರಲ್ಲಿ ದಾರಿ ಇದೆ. ಆದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಆದೇಶ ಕೊಟ್ಟಿರಬೇಕು. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ ಅಂತ ಅದೇ ಕಲಂ ಹೇಳುತ್ತದೆ. ಆ ಹೊತ್ತಿನಲ್ಲಿ ಆ ವ್ಯಕ್ತಿ ತಾನೇ ಕಾಯ್ದೆ ಮುರಿಯುತ್ತಿದ್ದರೆ ಈ ರಕ್ಷಣೆ ಸಿಗದು.

ಪಕ್ಕದ ಕೇರಳದಲ್ಲಿ 2022ರಲ್ಲಿ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಡಲಾಯಿತು. ಆ ಸುದ್ದಿ, ವಿಡಿಯೊ ನೋಡಿ ಇಲ್ಲೂ ಹಾಗೇ ಅಂದುಕೊಳ್ಳಬಾರದು. ಕೇರಳದ ಆದೇಶ ಕೇರಳಕ್ಕಷ್ಟೇ.

ಕಾನೂನೇ ಹೇಳುವ ಹಳತು-ಹೊಸತು

1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 13ರಲ್ಲಿ ಈ ಆಯ್ಕೆಯ ಪ್ರಶ್ನೆಗೆ ನೇರ ಉತ್ತರವಿದೆ. ಪ್ರಾಮಾಣಿಕ ಬೆಳೆ ರಕ್ಷಣೆಗೆ ಕಾಯ್ದೆ ಮೊದಲು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು, ಅಂದರೆ ನಮ್ಮೂರ ಕೇಪಿನ ಬಂದೂಕು. ಆ ಜಾಗದ ಸಂದರ್ಭಕ್ಕೆ ಅದು ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, ಕನಿಷ್ಠ 20 ಅಂಗುಲ ನಳಿಕೆಯ, ನುಣುಪು ಒಳಮೈಯ ಬೇರೆ ಬಂದೂಕಿಗೆ ಲೈಸೆನ್ಸ್ ಕೊಡಬಹುದು. ಒಂಟಿ ನಳಿಗೆ, ಜೋಡಿ ನಳಿಗೆ ಹನ್ನೆರಡು ಬೋರ್ ಬಂದೂಕುಗಳು ಇಲ್ಲಿ ಬರುತ್ತವೆ.

ರೈಫಲ್ ಈ ಸಾಲಿನಲ್ಲಿ ಇಲ್ಲ. ಅದಕ್ಕೆ ಬೇರೆಯದೇ ಸಕಾರಣ ತೋರಿಸಿ ಅರ್ಜಿ ಹಾಕಬೇಕು.

ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಚಾಮರಾಜನಗರದ ಜಿಲ್ಲಾಧಿಕಾರಿ. ಪೊಲೀಸ್ ವರದಿ ಬೇಕು. ಅರ್ಜಿ ತಿರಸ್ಕೃತವಾದರೆ ಕಲಂ 18ರ ಅಡಿ ಮೇಲ್ಮನವಿ ಹಾಕಬಹುದು.

ಹತ್ತು ಕಿಲೋಮೀಟರ್ ನಿಯಮ

ಈ ಮೂರು ತಾಲ್ಲೂಕಿನವರು ಮರೆಯಬಾರದ ನಿಯಮ ಇದು. ವನ್ಯಜೀವಿ ಕಾಯ್ದೆಯ ಕಲಂ 34ರ ಪ್ರಕಾರ ವನ್ಯಧಾಮದ ಒಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ವಾಸಿಸುವ ಬಂದೂಕು ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಒಪ್ಪಿಗೆ ಬೇಕು.

ಒಂದು ಕಡೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ. ಇನ್ನೊಂದು ಕಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಧಾಮ. ಮತ್ತೊಂದು ಕಡೆ 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಬಿಳಿಗಿರಿರಂಗನ ಬೆಟ್ಟ. ಕಾಡಂಚಿನ ಬಹುತೇಕ ಊರುಗಳು ಒಂದಲ್ಲ ಒಂದು ಗಡಿಯ ಹತ್ತು ಕಿ.ಮೀ. ಒಳಗೇ ಬೀಳುತ್ತವೆ. ಹೊಸ ಬಂದೂಕಿನ ಆಸೆಯಿಂದ ಮುಂಗಡ ಕೊಡುವ ಮೊದಲು ಹೊಲದ ಸರ್ವೆ ನಂಬರ್ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಕೇಪಿನ ಬಂದೂಕು: ಹಳೆಯದರ ಗುಣ, ದೋಷ

ನಾಡ ಬಂದೂಕಿಗೆ ತೋಟಾ ಇಲ್ಲ. ಮದ್ದು, ಅದುಮುವ ನಾರು ಅಥವಾ ಬಟ್ಟೆ, ಚರೆ ಎಲ್ಲವೂ ನಳಿಕೆಯ ಬಾಯಿಂದ ಹೋಗುತ್ತವೆ. ಹಿಂಬದಿಯ ಮೊಲೆಯ ಮೇಲೆ ಕೇಪು ಕೂರುತ್ತದೆ. ಒಂದು ಈಡು ಆದರೆ ಮತ್ತೆ ತುಂಬಲು ಹೊತ್ತು ಹಿಡಿಯುತ್ತದೆ.

ಗುಣ: ರಚನೆ ಸರಳ. ದೊಡ್ಡ ಸದ್ದು, ದಟ್ಟ ಹೊಗೆ. ಹಂದಿ ಹಿಂಡು ಓಡಿಸಲು ಬೇಕಾದ್ದು ಅದೇ.

ದೋಷ: ಮಳೆಗಾಲದ ತೇವಕ್ಕೆ ಮದ್ದು ಹಸಿಯಾಗುತ್ತದೆ. ಕೇಪು ಸಿಡಿದರೂ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಹೊಡೆಯಲಿಲ್ಲ ಅಂತ ನಳಿಕೆಯೊಳಗೆ ಇಣುಕಿ ನೋಡಿದವರಿಗೆ ಅಪಾಯ ಕಾದಿರುತ್ತದೆ. ಮದ್ದು ತುಂಬಿದ್ದು ಮರೆತು ಎರಡನೇ ಸಲ ತುಂಬಿದರೆ ನಳಿಕೆ ಸೀಳುತ್ತದೆ. ತುಂಬಿದ ಬಂದೂಕನ್ನು ಗೋಡೆಗೆ ಒರಗಿಸಿ ಮಲಗುವ ಅಭ್ಯಾಸ ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಇದರ ಮದ್ದು ಕರಿಮದ್ದು. ಹನ್ನೆರಡು ಬೋರ್ ತೋಟಾ ಬಿಚ್ಚಿ ಅದರೊಳಗಿನ ಹೊಗೆರಹಿತ ಪುಡಿಯನ್ನು ಕೇಪಿನ ಬಂದೂಕಿಗೆ ಹಾಕುವ ಕೆಲಸಕ್ಕೆ ಯಾವತ್ತೂ ಕೈಹಾಕಬಾರದು. ಆ ಪುಡಿಯ ಒತ್ತಡ ಬೇರೆಯದೇ. ಹಳೇ ನಳಿಕೆ ಅದನ್ನು ತಡೆಯುವುದಿಲ್ಲ, ಬಂದೂಕು ಹಿಡಿದವನ ಮುಖದ ಹತ್ತಿರವೇ ಸಿಡಿಯುತ್ತದೆ.

ಹನ್ನೆರಡು ಬೋರ್: ಅಂಕಿಗಳನ್ನು ಓದುವುದು ಹೇಗೆ?

ಒಂದು ಪೌಂಡ್ ಸೀಸದಿಂದ ಒಂದೇ ಸಮನಾದ 12 ಗುಂಡು ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ, ನಳಿಕೆಯ ಅಡ್ಡಳತೆ ಅಷ್ಟು. ಸುಮಾರು 18.5 ಮಿ.ಮೀ. ಇದೇ ಹನ್ನೆರಡು ಬೋರ್. ಹಾಗಾಗಿ ಬೋರ್ ಅಂಕಿ ದೊಡ್ಡದಾದಷ್ಟೂ ನಳಿಕೆ ಸಣ್ಣದು. 16 ಬೋರ್ ಇದಕ್ಕಿಂತ ಕಿರಿದು, 20 ಬೋರ್ ಇನ್ನೂ ಕಿರಿದು.

ತೋಟಾದ ಮೇಲಿನ ಚರೆಯ ಗುರುತಿಗೂ ಇದೇ ಲೆಕ್ಕ. ಎಲ್‌ಜಿ, ಎಸ್‌ಜಿ ಅಂದರೆ ದಪ್ಪ ಚರೆ. ನಂತರ ಎಎಎ, ಬಿಬಿ. ಆಮೇಲೆ ಅಂಕಿಗಳು: 4ಕ್ಕಿಂತ 6 ಸಣ್ಣದು, 6ಕ್ಕಿಂತ 8 ಸಣ್ಣದು. ದಪ್ಪ ಚರೆ ದೂರ ಹೋಗುತ್ತದೆ. ಎಲ್‌ಜಿ, ಎಸ್‌ಜಿ ಚರೆ ಅರ್ಧ ಕಿಲೋಮೀಟರ್‌ವರೆಗೂ ಹಾರಬಲ್ಲದು. ಪಕ್ಕದ ಹೊಲದ ಅಟ್ಟಣೆಯಲ್ಲಿ ಇನ್ನೊಬ್ಬ ಕಾವಲು ಕೂತಿರುತ್ತಾನೆ ಅನ್ನುವುದು ನೆನಪಿರಬೇಕು. ರಾತ್ರಿ ಹೊತ್ತು ಅಲುಗಾಡಿದ ಜೋಳದ ಗಿಡದ ಕಡೆ ಗುರಿ ಹಿಡಿಯುವುದು ಹಂದಿಗಿಂತ ಮನುಷ್ಯನಿಗೇ ಅಪಾಯ.

ನಮ್ಮ ದೇಶದಲ್ಲಿ ಹನ್ನೆರಡು ಬೋರ್ ತೋಟಾಕ್ಕೆ ಹಳೆಯ ಹೆಸರು ಪುಣೆ ಬಳಿಯ ಖಡಕಿಯ ಮದ್ದುಗುಂಡು ಕಾರ್ಖಾನೆ. 1869ರಲ್ಲಿ ಶುರುವಾದ ಈ ಸರ್ಕಾರಿ ಕಾರ್ಖಾನೆ 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕಂಪನಿಯ ಭಾಗ. ಹಳಬರು 'ಕೆಎಫ್' ಅಂತ ಕೇಳಿ ಕೊಳ್ಳುತ್ತಿದ್ದ ತೋಟಾ ಇದೇ ಕಾರ್ಖಾನೆಯದು.

ಹೊಸ ತೋಟಾ ಹಳೇ ಬಂದೂಕಿಗೆ ಹಾಕುವ ಮುನ್ನ ನಾಲ್ಕು ಪರೀಕ್ಷೆ

ಹಳೇ ಬಂದೂಕು, ಹೊಸ ತೋಟಾ. ಅಪಾಯ ಹೆಚ್ಚು ಇರುವುದು ಈ ಜೋಡಿಯಲ್ಲೇ. ಹಾಗಾಗಿ ಇದನ್ನು ವಿವರವಾಗಿ ನೋಡಬೇಕು.

1. ಉದ್ದ. ಹಳೆಯ ಹನ್ನೆರಡು ಬೋರ್ ಬಂದೂಕುಗಳಲ್ಲಿ ತೋಟಾ ಕೂರುವ ಗೂಡು ಎರಡೂವರೆ ಅಂಗುಲ, ಅಂದರೆ 65 ಮಿ.ಮೀ. ತೋಟಾಕ್ಕೆ ಮಾಡಿದ್ದು. ಈಗ ಹೆಚ್ಚು ಕಾಣುವುದು ಎರಡೂ ಮುಕ್ಕಾಲು ಅಂಗುಲದ, ಅಂದರೆ 70 ಮಿ.ಮೀ. ತೋಟಾ. ಮೋಸ ಎಲ್ಲಿದೆ ಅಂದರೆ, 70ರ ತೋಟಾ 65ರ ಗೂಡಿನಲ್ಲಿ ಸರಾಗವಾಗಿ ಕೂರುತ್ತದೆ. ಯಾಕೆಂದರೆ ತೋಟಾದ ಬಾಯಿ ಮಡಚಿರುತ್ತದೆ, ಉದ್ದದ ಅಳತೆ ಹೇಳುವುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಲೆಕ್ಕ. ಹೊಡೆದಾಗ ಬಿಚ್ಚಿಕೊಂಡ ಬಾಯಿ ನಳಿಕೆಯ ಕಿರಿದಾದ ಜಾಗಕ್ಕೆ ಸಿಕ್ಕಿ ಒತ್ತಡ ಏರುತ್ತದೆ. ಕೂತಿತು ಅಂದ ಮಾತ್ರಕ್ಕೆ ಸರಿಹೊಂದಿತು ಅಂತಲ್ಲ. ನಳಿಕೆಯ ಅಡಿಭಾಗದಲ್ಲಿ ಕೊರೆದ ಅಂಕಿ ನೋಡಬೇಕು, ಇಲ್ಲದಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದ ಅಳೆಸಬೇಕು.

2. ನಳಿಕೆಯ ಕಾಲ. ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದು ಮಾಡಿದ, ಮೇಲೆ ಅಲೆಅಲೆ ಗೆರೆ ಕಾಣುವ ಡಮಾಸ್ಕಸ್ ನಳಿಕೆಗಳು ಕರಿಮದ್ದಿನ ಕಾಲದವು. ಹೊಗೆರಹಿತ ಪುಡಿಯ ಈಗಿನ ತೋಟಾಗೆ ಪರೀಕ್ಷೆಯಾಗಿ ಗುರುತು ಬಿದ್ದಿರದ ಅಂಥ ನಳಿಕೆಯಲ್ಲಿ ಹೊಸ ತೋಟಾ ಹೊಡೆಯಬಾರದು. ಅದು ಗೋಡೆಯ ಮೇಲಿನ ನೆನಪಾಗಿ ಉಳಿಯುವುದೇ ಮೇಲು. ಆದರೆ ಗೋಡೆಗೆ ಹಾಕಲೂ ಲೈಸೆನ್ಸ್ ಬೇಕು.

3. ಬೋರ್ ಬೆರಕೆ. 20 ಬೋರ್ ತೋಟಾ ಹನ್ನೆರಡು ಬೋರ್ ನಳಿಕೆಗೆ ಬಿದ್ದರೆ ಮುಂದಕ್ಕೆ ಜಾರಿ ಒಳಗೆ ಸಿಕ್ಕಿಕೊಳ್ಳುತ್ತದೆ. ಹೊರಗಿಂದ ಕಾಣುವುದಿಲ್ಲ. ಖಾಲಿ ಇದೆ ಅಂತ ಹಿಂದಿನಿಂದ ಹನ್ನೆರಡರ ತೋಟಾ ಹಾಕಿ ಹೊಡೆದರೆ ನಳಿಕೆ ಚೂರಾಗುತ್ತದೆ. ಹೊರದೇಶಗಳಲ್ಲಿ 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಎರಡು ಬೋರ್‌ನ ತೋಟಾ ಒಂದೇ ಡಬ್ಬಿಯಲ್ಲಿ ಇಡಬಾರದು.

4. ಕಾಗದವೋ, ಪ್ಲಾಸ್ಟಿಕ್ಕೋ. ಹಳೆಯ ಕಾಗದದ ತೋಟಾ ತೇವಕ್ಕೆ ಉಬ್ಬುತ್ತದೆ. ಉಬ್ಬಿದ್ದನ್ನು ಒತ್ತಿ ತೂರಿಸಿದರೆ ಹೊಡೆದ ಮೇಲೆ ಹೊರಗೆ ಬರುವುದಿಲ್ಲ. ಈ ವಿಷಯದಲ್ಲಿ ಹೊಸ ಪ್ಲಾಸ್ಟಿಕ್ ತೋಟಾ ಮೇಲು, ಅನುಮಾನವಿಲ್ಲ. ಯಾವುದಾದರೂ ಸರಿ, ಹಿತ್ತಾಳೆಯ ತಳದಲ್ಲಿ ಹಸಿರು ಕಿಲುಬು ಹಿಡಿದಿದ್ದರೆ, ಕೇಪು ಉಬ್ಬಿದ್ದರೆ, ಬಾಯಿಯ ಮಡಿಕೆ ಬಿಚ್ಚಿ ಚರೆ ಉದುರುತ್ತಿದ್ದರೆ ಅದನ್ನು ಬಳಸಬಾರದು. ತಿಪ್ಪೆಗೆ ಎಸೆಯುವುದೂ, ಒಲೆಗೆ ಹಾಕುವುದೂ ತಪ್ಪು. ಲೈಸೆನ್ಸ್ ಪುಸ್ತಕದ ಜತೆ ಮಾರಾಟಗಾರರನ್ನೋ ಠಾಣೆಯನ್ನೋ ಕೇಳಿ ಒಪ್ಪಿಸಬೇಕು.

ಹೊರದೇಶದ ವಿಡಿಯೊಗಳಲ್ಲಿ ಸೀಸದ ಬದಲು ಉಕ್ಕಿನ ಚರೆಯ ತೋಟಾ ತೋರಿಸುತ್ತಾರೆ. ಸೀಸ ವಿಷ ಅನ್ನುವ ಕಾರಣಕ್ಕೆ ಅಲ್ಲಿ ಕೆರೆ, ಜೌಗು ಪ್ರದೇಶಗಳಲ್ಲಿ ಉಕ್ಕು ಬಂದಿದೆ. ಆದರೆ ಉಕ್ಕು ಸೀಸದ ಹಾಗೆ ಮೆತ್ತಗಿಲ್ಲ. ಬಾಯಿ ಕಿರಿದು ಮಾಡಿದ ಹಳೇ ನಳಿಕೆಯನ್ನು ಅದು ಹಾಳು ಮಾಡುತ್ತದೆ.

ರೈಫಲ್ ತೋಟಾ: ಹೆಸರು ದೊಡ್ಡದು, ಇಲ್ಲಿಗೆ ಹೊಂದದು

ಅಮೆರಿಕದಂಥ ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ 1906ರ ಪಾಯಿಂಟ್ 30-06, 1952ರ ಪಾಯಿಂಟ್ 308 ವಿಂಚೆಸ್ಟರ್ ಒಳ್ಳೆಯದೋ, 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ಒಳ್ಳೆಯದೋ ಅಂತ ವಾದ ನಡೆಯುತ್ತಲೇ ಇರುತ್ತದೆ. ಹೊಸದರ ಪರ ಇರುವವರು ಭುಜಕ್ಕೆ ಒದೆತ ಕಡಿಮೆ, ದೂರಕ್ಕೆ ನೇರ ಹೋಗುತ್ತದೆ ಅಂತಾರೆ. ಹಳೆಯದರ ಪರ ಇರುವವರು ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ, ನೂರು ವರ್ಷ ಕೆಲಸ ಮಾಡಿ ತೋರಿಸಿದೆ ಅಂತಾರೆ.

ನಮ್ಮಲ್ಲಿ ರೈಫಲ್ ಅಂದರೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315. ಪಾಯಿಂಟ್ 303, 7.62 ಮಿ.ಮೀ. ಮಿಲಿಟರಿ ತೋಟಾಗಳು ನಿಷೇಧಿತ ಬೋರ್. ಮನೆಯಲ್ಲಿ ನೆನಪಿಗೆ ಅಂತ ಒಂದೇ ಒಂದು ಇಟ್ಟುಕೊಂಡರೂ ಕೇಸು ಗಟ್ಟಿ.

ಇನ್ನು ದೂರದ ಲೆಕ್ಕ. ರೈಫಲ್ ಗುಂಡು ಗುರಿ ತಪ್ಪಿದರೆ ಮೂರು ಕಿಲೋಮೀಟರ್‌ಗೂ ಆಚೆ ಹೋಗಿ ಬೀಳಬಲ್ಲದು. ಕೊಳ್ಳೇಗಾಲ ತಾಲ್ಲೂಕಿನ ಪಾಳ್ಯ, ಮಧುವನಹಳ್ಳಿ, ಸತ್ತೇಗಾಲದ ಕಡೆ ಒಂದು ಹೊಲದಿಂದ ಮೂರು ಕಿಲೋಮೀಟರ್ ಅಂದರೆ ಮಧ್ಯೆ ಊರು, ಕಾಲೊನಿ, ರಸ್ತೆ, ಶಾಲೆ ಎಲ್ಲ ಬರುತ್ತದೆ. ಬೆಳೆ ಕಾವಲಿಗೆ ಕಾನೂನು ನುಣುಪು ನಳಿಕೆಯ ಬಂದೂಕನ್ನು ಹೆಸರಿಸಿರುವುದು ಈ ಕಾರಣಕ್ಕೂ ಸರಿಯಾಗಿದೆ.

ಲೈಸೆನ್ಸ್ ಪುಸ್ತಕದಲ್ಲಿ ನೋಡಬೇಕಾದ್ದು

- ಬಂದೂಕಿನ ಬಗೆ, ಬೋರ್, ನಂಬರ್. ಪುಸ್ತಕದಲ್ಲಿ ಕೇಪಿನ ಬಂದೂಕು ಅಂತಿದ್ದರೆ ಹನ್ನೆರಡು ಬೋರ್ ತೋಟಾ ಮನೆಯಲ್ಲಿ ಇರುವುದೇ ತಪ್ಪು.
- ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು ಅನ್ನುವ ಮಿತಿ. ಪ್ರತಿ ಖರೀದಿಯನ್ನೂ ಅಂಗಡಿಯವರು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು.
- ಬಳಸಬಹುದಾದ ಜಾಗ. ಹೊಲದ ಕಾವಲಿಗೆ ಕೊಟ್ಟದ್ದನ್ನು ಮದುವೆ, ಜಾತ್ರೆಗೆ ಒಯ್ಯುವಂತಿಲ್ಲ.
- ಅವಧಿ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 3ರಿಂದ 5 ವರ್ಷಕ್ಕೆ ಏರಿದೆ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ.
- ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್. ಹಳೇ ಪುಸ್ತಕದಲ್ಲಿ ಅದು ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಸಂಬಂಧಪಟ್ಟ ವಿಭಾಗದಲ್ಲಿ ತಕ್ಷಣ ವಿಚಾರಿಸಬೇಕು.

ಲೈಸೆನ್ಸ್ ಇಲ್ಲದೆ ಬಂದೂಕು ಅಥವಾ ತೋಟಾ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಲೈಸೆನ್ಸ್ ಇಲ್ಲದೆ ಬಂದೂಕು, ಮದ್ದುಗುಂಡು ತಯಾರಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ. ಖಾಲಿ ತೋಟಾಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವ 'ಜಾಣತನ' ಈ ಕಲಮಿನೊಳಗೆ ಸಿಕ್ಕಿಬೀಳಬಹುದು. ಲೈಸೆನ್ಸ್ ಷರತ್ತು ಮುರಿದರೆ 6 ತಿಂಗಳವರೆಗೆ ಜೈಲು, ಅಥವಾ 2 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ಸೀಮೆಯಲ್ಲಿ ಬಂದೂಕಿನ ಲೆಕ್ಕಕ್ಕೆ ಬೇರೆಯದೇ ತೂಕ ಇದೆ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೆ ನುಗ್ಗಿ ಪೊಲೀಸರನ್ನು ಕೊಂದು ಶಸ್ತ್ರಾಸ್ತ್ರ ದೋಚಿದ್ದನ್ನು ಹಿರಿಯರು ಮರೆತಿಲ್ಲ.

ಅಂಗಡಿಯವರಿಗೆ

ಹಾರ್ಡ್‌ವೇರ್, ಗೊಬ್ಬರ-ಔಷಧಿ, ಪಟಾಕಿ ಅಂಗಡಿಯವರು ಗಮನಿಸಬೇಕಾದ ಮಾತುಗಳು ಇವು. ತೋಟಾ, ಕೇಪು, ಮದ್ದು ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು. ಪರಿಚಯದ ರೈತ ಅಂತ ಒಂದು ಡಬ್ಬಿ ತರಿಸಿಕೊಟ್ಟರೂ ಕೊಟ್ಟವರೂ ಆರೋಪಿ.

ಏರ್‌ಗನ್‌ಗೂ ಮಿತಿ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್‌ಗಿಂತ ಹೆಚ್ಚು ಶಕ್ತಿ ಅಥವಾ 4.5 ಮಿ.ಮೀ.ಗಿಂತ ದೊಡ್ಡ ನಳಿಕೆ ಇದ್ದರೆ ಲೈಸೆನ್ಸ್ ಬೇಕು. ಸಣ್ಣ ಏರ್‌ಗನ್ ಆದರೂ ಅದರಿಂದ ನವಿಲು, ಮೊಲ ಹೊಡೆದರೆ ಅದು ಬೇಟೆಯೇ.

ಹೊಸದಾಗಿ ಕಾಣುತ್ತಿರುವುದು ಪೈಪಿನಲ್ಲಿ ಮಾಡಿದ ಕಾರ್ಬೈಡ್ ಗನ್. ಮಂಗ, ಹಂದಿ ಓಡಿಸಲು ಅಂತ ಮಾರುತ್ತಾರೆ. 2025ರ ದೀಪಾವಳಿಯಲ್ಲಿ ಭೋಪಾಲ್ ಸೇರಿ ಮಧ್ಯಪ್ರದೇಶದಲ್ಲಿ ಇದರಿಂದ ಅನೇಕ ಮಕ್ಕಳ ಕಣ್ಣಿಗೆ ಗಾಯವಾಯಿತು, ಕೆಲವರು ದೃಷ್ಟಿ ಕಳೆದುಕೊಂಡರು. ಹೊತ್ತಿಕೊಳ್ಳಲಿಲ್ಲ ಅಂತ ಪೈಪಿನೊಳಗೆ ಇಣುಕಿದಾಗಲೇ ಅದು ಸಿಡಿಯುವುದು. ಮಕ್ಕಳ ಕೈಗೆ ಸಿಗುವ ಜಾಗದಲ್ಲಿ ಇದನ್ನು ಇಡಲೇಬಾರದು.

ತಾತನ ಬಂದೂಕು, ಚುನಾವಣೆಯ ಠೇವಣಿ

ಲೈಸೆನ್ಸ್ ಇದ್ದವರು ತೀರಿಕೊಂಡರೆ ಬಂದೂಕು ತಾನಾಗೇ ಮಗನದಾಗುವುದಿಲ್ಲ. ಕಲಂ 21ರ ಪ್ರಕಾರ ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಮಾರಾಟಗಾರರ ಬಳಿಯೋ ಠೇವಣಿ ಇಟ್ಟು, ನಂತರ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ತಿಥಿ ಕಾರ್ಯ ಮುಗಿದ ಮೇಲೆ ನೋಡೋಣ ಅಂತ ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಅದು ಲೈಸೆನ್ಸ್ ಇಲ್ಲದ ಬಂದೂಕು.

ಚುನಾವಣೆ ಬಂದಾಗ ಠೇವಣಿ ಇಡಲು ಸೂಚನೆ ಬಂದರೆ ಉಳಿದ ತೋಟಾವನ್ನೂ ಎಣಿಸಿ ಕೊಟ್ಟು ರಸೀದಿ ಪಡೆಯಬೇಕು. ರಸೀದಿಯಲ್ಲಿ ಬಂದೂಕಿನ ನಂಬರ್, ತೋಟಾ ಸಂಖ್ಯೆ ಸರಿಯಾಗಿದೆಯಾ ಅಂತ ಅಲ್ಲೇ ನೋಡಿಕೊಳ್ಳಬೇಕು. ಬೆಳೆ ಕಾವಲಿನ ಕಾಲವಾಗಿದ್ದರೆ ವಿನಾಯಿತಿ ಕೋರಿ ಲಿಖಿತ ಮನವಿ ಕೊಡಬಹುದು. ತೀರ್ಮಾನ ಜಿಲ್ಲಾ ಪರಿಶೀಲನಾ ಸಮಿತಿಯದು.

ಬಂದೂಕಿಗಿಂತ ಮೊದಲು

ಬಂದೂಕಿನ ಸದ್ದಿಗೆ ಹಂದಿಯೂ ಆನೆಯೂ ದಿನ ಕಳೆದಂತೆ ಒಗ್ಗಿಕೊಳ್ಳುತ್ತವೆ. ಆನೆಗೆ ಚರೆ ತಗುಲಿದರೆ ಗಾಯಗೊಂಡ ಆನೆ ಇಡೀ ಊರಿಗೆ ಅಪಾಯ. ಅಕ್ಕಪಕ್ಕದ ಹೊಲದವರು ಸೇರಿ ಸರದಿ ಕಾವಲು, ತಮಟೆ, ಬೆಳಕು, ನಿಯಮದಂತೆ ಹಾಕಿದ ಸೋಲಾರ್ ಬೇಲಿ, ಇವೇ ಮೊದಲ ಸಾಲಿನ ರಕ್ಷಣೆ. ಸೋಲಾರ್ ಬೇಲಿ ಕ್ಷಣಮಾತ್ರದ ಶಾಕ್ ಕೊಟ್ಟು ಹಿಮ್ಮೆಟ್ಟಿಸುತ್ತದೆ. ಮನೆಯ ಕರೆಂಟನ್ನು ನೇರ ತಂತಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಬೆಳಗ್ಗೆ ನೀರು ಕಟ್ಟಲು ಬಂದ ಮನೆಯವರೂ ಸಾಯುತ್ತಾರೆ.

ಸಿಡಿಮದ್ದು, ವಿಷ ಎರಡೂ ಬೇಡ. ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾಗುವುದು ಹಂದಿಗಷ್ಟೇ ಅಲ್ಲ, ಮೇಯಲು ಹೋದ ಹಸುವಿಗೂ ಆಗುತ್ತದೆ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಕಳೇಬರ ತಿಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತವು. ಹನೂರಿನ ಹೆಸರು ದೇಶದ ಸುದ್ದಿಯಾಯಿತು, ಪ್ರಕರಣ ಕೋರ್ಟ್ ಮೆಟ್ಟಿಲೇರಿತು.

ಬೆಳೆ ಹಾಳಾದರೆ ತುಳಿದ ಗಿಡ, ಹೆಜ್ಜೆ ಗುರುತು ಹಾಗೇ ಬಿಟ್ಟು ಫೋಟೊ ತೆಗೆದುಕೊಳ್ಳಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಕಚೇರಿಗೆ ತಿಳಿಸಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ 'ಇ-ಪರಿಹಾರ'ದ ಮೂಲಕ ಅರ್ಜಿ ಹಾಕಬೇಕು. ಸಿಬ್ಬಂದಿ ಸ್ಥಳ ನೋಡುವ ಮೊದಲೇ ಹೊಲ ಉತ್ತುಬಿಟ್ಟರೆ ನಷ್ಟ ತೋರಿಸುವುದು ಕಷ್ಟ.

ಕೇಳುವ ಪ್ರಶ್ನೆ, ಚಿಕ್ಕ ಉತ್ತರ

ಕೇಪಿನ ಬಂದೂಕು ಬಿಟ್ಟು ಹನ್ನೆರಡು ಬೋರ್ ಕೊಳ್ಳಬಹುದಾ?
ಮೊದಲು ಲೈಸೆನ್ಸ್ ಬದಲಾಗಬೇಕು. ಕೇಪಿನ ಬಂದೂಕು ಯಾಕೆ ಸಾಲದು ಅಂತ ಅರ್ಜಿಯಲ್ಲಿ ಕಾರಣ ಕೊಡಬೇಕು. ವನ್ಯಧಾಮದ 10 ಕಿ.ಮೀ. ಒಳಗಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆಯ ಪ್ರಶ್ನೆ ಬರಬಹುದು.

ಪಕ್ಕದ ಹೊಲದವರಿಗೆ ಒಂದು ರಾತ್ರಿಗೆ ಬಂದೂಕು ಕೊಡಬಹುದಾ?
ಬೇಡ. ಕೊಟ್ಟವರಿಗೂ ಶಿಕ್ಷೆ, ಪಡೆದವರಿಗೂ ಶಿಕ್ಷೆ.

ಬರೀ ಸದ್ದಿನ, ಚರೆ ಇಲ್ಲದ ತೋಟಾಗೆ ಲೆಕ್ಕ ಇಲ್ಲವಲ್ಲ?
ಇದೆ. ಅದೂ ಲೈಸೆನ್ಸ್ ಪುಸ್ತಕದ ಮೂಲಕವೇ ಕೊಳ್ಳಬೇಕು. ತೀರಾ ಹತ್ತಿರದಿಂದ ಅದೂ ಗಾಯ ಮಾಡುತ್ತದೆ.

ಟ್ರಿಗರ್ ಒತ್ತಿದರೂ ಹೊಡೆಯದಿದ್ದರೆ?
ನಳಿಕೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು. ಆಮೇಲೆ ಬಿಚ್ಚಿ ತೋಟಾ ತೆಗೆಯಬೇಕು. ಆ ತೋಟಾವನ್ನು ಮತ್ತೆ ಹಾಕಬಾರದು.

ತೋಟಾ ಎಲ್ಲಿಡಬೇಕು?
ಬಂದೂಕಿನಿಂದ ಬೇರೆ, ಬೀಗ ಹಾಕಿದ, ತೇವವಿಲ್ಲದ ಜಾಗದಲ್ಲಿ. ಒಲೆ, ಪಂಪ್‌ಸೆಟ್ ಡೀಸೆಲ್, ಗೊಬ್ಬರದ ಮೂಟೆ ಹತ್ತಿರ ಬೇಡ. ಎಣ್ಣೆ ಕೈಯಲ್ಲಿ ಮುಟ್ಟಬಾರದು, ಎಣ್ಣೆ ಇಳಿದರೆ ಕೇಪು ಕೆಡುತ್ತದೆ.

ಕೊನೆಗೆ ಹಳೆಯದೋ, ಹೊಸದೋ?
ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುವ ಬೋರ್, ನಳಿಕೆಯ ಮೇಲೆ ಕೊರೆದಿರುವ ಉದ್ದ, ಲೈಸೆನ್ಸ್ ಇರುವ ಅಂಗಡಿಯಿಂದ ಬಿಲ್ ಸಮೇತ ಬಂದ ಕಿಲುಬಿಲ್ಲದ ತೋಟಾ. ಈ ಮೂರೂ ಕೂಡಿದರೆ ಅದೇ ಸರಿಯಾದ ತೋಟಾ. ಒಂದು ತಪ್ಪಿದರೂ ಎಷ್ಟೇ ಹೊಸದಾದರೂ ಬೇಡ.